ಸತ್ತ ಮೇಲೆ ಬಂದ ಕೂದಲು

ನಮ್ಮ ಯಜಮಾನರ ತಲೆಯಲ್ಲಿ ಕೂದಲಿರಲಿಲ್ಲ. ಅವರು ತಲೆಗೆ ಹಚ್ಚುವ ಎಣ್ಣೆ ಮಾರುತ್ತಿದ್ದರು. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಕೆಲಸವಿದೆ.

ಅವರ ಹೆಸರು ಜಂಪಣ್ಣ. ಜಗಳೂರು ಕಡೆಯ ಸೊಕ್ಕೆಯವರು. ಮದುವೆಯಾದ ಮೇಲೆ ನನ್ನ ತವರು ಸವಳಂಗದಲ್ಲೇ ಮನೆ ಮಾಡಿದರು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಸಂತೆಗಳಲ್ಲಿ ತಾಡಪಾಲು ಹಾಸಿ, ಬಾಟಲಿ ಜೋಡಿಸಿ ಕೂರುತ್ತಿದ್ದರು. ಅವರು ಹೋಗಿ ವರ್ಷ ಕಳೆಯಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವ ಹುಚ್ಚಿಲ್ಲ. ಆದರೆ ಅವರ ಮೇಲೆ ಒಂದು ಸುಳ್ಳು ಬಾಟಲಿಗೆ ಅಂಟಿಕೊಂಡು ಊರೂರು ತಿರುಗುತ್ತಿದೆ. ನಿಜವೂ ಒಂದು ಕಡೆ ಇರಲಿ.

ಹೆಣ್ಣು ನೋಡಲು ಬಂದಾಗ ಪೇಟ ಸುತ್ತಿಕೊಂಡು ಬಂದಿದ್ದರು. ಸುಡು ಬೇಸಿಗೆ. ಕಿವಿ ಹಿಂದಿನಿಂದ ಬೆವರು ಇಳಿಯುತ್ತಿತ್ತು, ಆದರೂ ತೆಗೆಯಲಿಲ್ಲ. "ಹುಡುಗ ಮರ್ಯಾದಸ್ಥ" ಅಂದಳು ನಮ್ಮವ್ವ. ಮದುವೆಯ ದಿನ ಬಾಸಿಂಗ ಕಟ್ಟಲು ಪೇಟ ಬಿಚ್ಚಬೇಕಾಯಿತು. ಬಾಸಿಂಗಕ್ಕೆ ಹಿಡಿತ ಸಿಗಲಿಲ್ಲ. ಜಾರಿ ಜಾರಿ ಮೂಗಿನ ಮೇಲೆ ಬಂತು. ನಮ್ಮವ್ವ ಬಾಯಿ ಮುಚ್ಚಿಕೊಂಡಳು. ಮರ್ಯಾದೆ ಎಲ್ಲಿತ್ತು ಅಂತ ಅವಳಿಗೆ ಆಗ ಗೊತ್ತಾಯಿತು.

"ಮೊದ್ಲೇ ಹೇಳಾಕೆ ಏನಾಗಿತ್ತು?" ಅಂತ ಆಮೇಲೆ ಕೇಳಿದೆ.

"ನೀನು ಕೇಳಿದ್ಯಾ?" ಅಂದರು.

ಮದುವೆಯಾದ ಹೊಸದರಲ್ಲಿ ಅವರು ತಲೆಗೆ ಹಚ್ಚದ ವಸ್ತುವಿಲ್ಲ. ಈರುಳ್ಳಿ ರಸ, ಮೊಟ್ಟೆ, ಮೆಂತ್ಯ, ಹರಳೆಣ್ಣೆ. ಯಾರೋ ಹೇಳಿದರೆಂದು ಬೆಳ್ಳುಳ್ಳಿ ಅರೆದು ಮೆತ್ತಿಕೊಂಡರು. ತಲೆ ಉರಿದು ಕಣ್ಣಲ್ಲಿ ನೀರು ಬಂತು. "ಉರೀತೈತೆ ಅಂದ್ರೆ ಕೆಲ್ಸ ಮಾಡ್ತೈತೆ, ಬೇರು ಬಿಡ್ತೈತೆ" ಅಂತ ಹಲ್ಲು ಕಚ್ಚಿ ಕೂತರು. ಬೆಳಗ್ಗೆ ನೋಡಿದರೆ ಬೊಬ್ಬೆ. ಬೇರು ಬಿಡಲಿಲ್ಲ, ಚರ್ಮ ಬಿಟ್ಟಿತು.

"ಈರುಳ್ಳಿ ಆತು, ಬೆಳ್ಳುಳ್ಳಿ ಆತು, ಒಗ್ಗರಣೆ ಒಂದು ಬಾಕಿ ಐತೆ ನೋಡ್ರಿ" ಅಂದೆ.

ಅಲ್ಲಿಗೆ ಅವರಿಗೆ ಎಣ್ಣೆಯ ಮೇಲಿನ ಭಕ್ತಿ ಹೋಯಿತು. ವ್ಯಾಪಾರ ಉಳಿಯಿತು.

ಎಣ್ಣೆ ಮಾತ್ರ ಚೆನ್ನಾಗಿ ಕಾಯಿಸುತ್ತಿದ್ದರು. ಕೊಬ್ಬರಿ ಎಣ್ಣೆಗೆ ಗರುಗದ ಸೊಪ್ಪು, ಕರಿಬೇವು, ದಾಸವಾಳದ ಎಲೆ ಅರೆದು ಹಾಕಿ ಹಿತ್ತಲಿನ ಒಲೆಯ ಮೇಲೆ ಇಡುತ್ತಿದ್ದರು. ಸೊಪ್ಪಿನಲ್ಲಿರುವ ನೀರು ಚಟಪಟ ಅನ್ನುತ್ತದೆ. ಆ ಸದ್ದು ಪೂರ್ತಿ ನಿಲ್ಲಬೇಕು. ನೀರು ಉಳಿದರೆ ಬೂಷ್ಟು ಬರುತ್ತದೆ, ನಾರುತ್ತದೆ. ಇಷ್ಟೇ ವಿದ್ಯೆ. ನಾನು ಪಕ್ಕದಲ್ಲಿ ಕೂತು ಏನಾದರೂ ಹೇಳುತ್ತಿದ್ದರೆ, "ಸುಮ್ಕಿರೇ, ಎಣ್ಣೆ ಮಾತು ಕೇಳಿಸ್ತಿಲ್ಲ. ಅದಾದ್ರೂ ಒಂದ್ ಹೊತ್ತಿಗೆ ಬಾಯಿ ಮುಚ್ತೈತೆ" ಅನ್ನುತ್ತಿದ್ದರು.

ಕಾದ ಎಣ್ಣೆಯ ಬಣ್ಣ ಕೆಸರು ಹಸಿರು. ಯಾರೂ ಮುಟ್ಟಲಿಲ್ಲ. ಜನಕ್ಕೆ ಗಿಳಿ ಹಸಿರು ಬೇಕು. ಮಿಠಾಯಿಗೆ ಹಾಕುವ ಬಣ್ಣ ತಂದು ಸುರಿದರು. ಅದು ನೀರಲ್ಲಿ ಕರಗುವಂಥದ್ದು. ಎಣ್ಣೆಯಲ್ಲಿ ಕರಗದೆ ತಳದಲ್ಲಿ ಮರಳಿನ ಹಾಗೆ ಕೂತಿತು. ಆಮೇಲೆ ದಾವಣಗೆರೆಯಿಂದ ಎಣ್ಣೆಗೇ ಅಂತ ಇರುವ ಬಣ್ಣ ತಂದರು. ಗಿಳಿ ಹಸಿರಾಯಿತು. ಸೊಪ್ಪೆಲ್ಲ ಒಂದು ಕಡೆ, ಚಿಟಿಕೆ ಬಣ್ಣ ಒಂದು ಕಡೆ. ಮಾರಿದ್ದು ಬಣ್ಣ.

ಮಾರುವುದೂ ಎಂಥದ್ದು. ಹೊನ್ನಾಳಿ ಸಂತೆಗೆ ನಾನೂ ಹೋಗಿದ್ದೆ. ಒಬ್ಬಳು ಬಂದು ಬಾಟಲಿ ಎತ್ತಿದಳು.

"ಇದ್ನ ಹಚ್ಚಿದ್ರೆ ಕೂದ್ಲು ಬರ್ತಾವೇನ್ರೀ?"

ಇವರು ಟವೆಲ್ ಎತ್ತಿ ತಲೆ ತೋರಿಸಿದರು. "ನೀವೇ ನೋಡ್ರಿ ತಾಯಿ."

"ಮತ್ತ್ಯಾಕೆ ಮಾರ್ತೀರಿ?"

"ತಲೆ ಒಣಗಲ್ಲ. ಬಾಚಣಿಗೆ ಸಲೀಸಾಗಿ ಓಡ್ತೈತೆ. ಸಿಕ್ಕು ಬಿಡಿಸಾಕೆ ಹೋಗಿ ಕೂದ್ಲು ತುಂಡಾಗಾದು ಕಡಿಮೆ."

"ಅಷ್ಟೇನಾ?"

"ಅಷ್ಟೇ. ಅದೂ ಕೂದ್ಲು ಇದ್ರೆ."

ಅವಳು ಬಾಟಲಿ ಇಟ್ಟು ಪಕ್ಕದ ತಾಡಪಾಲಿಗೆ ಹೋದಳು. ಅಲ್ಲಿ ಮೊಣಕಾಲಿನವರೆಗೆ ಜಡೆ ಬಿಟ್ಟ ಹೆಂಗಸಿನ ಚಿತ್ರವಿತ್ತು. ಎಣ್ಣೆ ಯಾವುದೆಂದು ಅವಳು ಕೇಳಲಿಲ್ಲ. ಚಿತ್ರ ಕೊಂಡು ಹೋದಳು.

ಇನ್ನೊಬ್ಬಳು ಬಂದು, "ಕೆಮಿಕಲ್ ಹಾಕೀರೇನ್ರೀ?" ಅಂದಳು. "ಬಣ್ಣ ಹಾಕೀನಿ" ಅಂದರು ಇವರು. "ಅಯ್ಯಯ್ಯೋ, ಕೆಮಿಕಲ್ಲು!" ಅಂತ ಹಾವು ಕಂಡವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು. ಅವಳ ತಲೆಗೆ ಬಳಿದಿದ್ದ ಕಪ್ಪು ಬಣ್ಣ ಬೆವರಿಗೆ ಕರಗಿ ಕಿವಿಯ ತನಕ ಇಳಿದಿತ್ತು.

ಇಂಥ ಬಾಯಿ ಇಟ್ಟುಕೊಂಡು ಅವರು ಹೆಂಡತಿಯ ಹೊಟ್ಟೆ ಹೊರೆದರು. ಹೇಗೆ ಅಂತ ಕೇಳಬೇಡಿ. ಒಮ್ಮೆ ಕೊಂಡವರು ಮತ್ತೆ ಬರುತ್ತಿದ್ದರು. ಬರುವವರು ಕಡಿಮೆ, ಆದರೆ ಬಯ್ಯಲು ಬಂದವರು ಯಾರೂ ಇಲ್ಲ.

ಸೊಕ್ಕೆಯಲ್ಲಿ ಅವರಕ್ಕ ಗಾದ್ರಮ್ಮ ಇದ್ದಾರೆ. ಆಕೆಯ ಮಗ ಆಂಜನೇಯ ಜಗಳೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ವಿಡಿಯೊ ನೋಡುತ್ತಾನೆ. ಅಂದರೆ ದಿನವಿಡೀ ನೋಡುತ್ತಾನೆ. ಒಮ್ಮೆ ಸವಳಂಗಕ್ಕೆ ಬಂದವನು, "ಮಾವ, ನಿಮ್ಗೆ ಮಾರ್ಕೆಟಿಂಗ್ ಗೊತ್ತಿಲ್ಲ. ನೂರಕ್ಕೆ ನೂರು ನ್ಯಾಚುರಲ್ ಅಂತ ಹಾಕ್ರಿ. ಸಾವಿರ ವರ್ಷದ ಗುಟ್ಟು ಅನ್ರಿ" ಅಂದ.

"ಗುಟ್ಟು ನನ್ ತಲೆ ಮೇಲೇ ಐತಲ್ಲೋ. ಎಲ್ರಿಗೂ ಕಾಣ್ತೈತೆ" ಅಂದರು ಇವರು.

ಅದೇ ವರ್ಷ ಒಂದು ಸಂಜೆ ಚನ್ನಗಿರಿ ಸಂತೆಯಿಂದ ಬಂದವರು ನೀರು ಕೇಳಿದರು. ನಾನು ತಂಬಿಗೆ ತರುವುದರೊಳಗೆ ಗೋಡೆಗೆ ಒರಗಿದ್ದರು. ಅಷ್ಟೇ. ಅದರ ಮೇಲೆ ಬರೆಯುವುದಕ್ಕೆ ನನಗೆ ಬರುವುದಿಲ್ಲ.

ವರ್ಷದ ತಿಥಿ ಸೊಕ್ಕೆಯಲ್ಲೇ ಆಗಲಿ ಅಂದರು ಗಾದ್ರಮ್ಮ. ಹುಟ್ಟಿದ ಮನೆ, ನಾನು ಒಪ್ಪಿದೆ. ಆಂಜನೇಯ ಬಂದು, ಮನೆ ಮುಂದೆ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿಸುತ್ತೇನೆ, ಫೋಟೊ ಕೊಡಿ ಅಂದ. ಇದ್ದದ್ದು ಒಂದೇ. ಯಾರದೋ ಮದುವೆ ಊಟದಲ್ಲಿ ಸಾರು ಚೆಲ್ಲಿತೆಂದು ತಲೆಯ ಟವೆಲ್ ತೆಗೆದು ಒರೆಸುತ್ತಿದ್ದಾಗ ಹೊಡೆದದ್ದು. ವಿಡಿಯೊ ಲೈಟು ತಲೆಗೆ ಬಿದ್ದು ಹೊಳೆಯುತ್ತಿದೆ. ಬಾಯಿ ಅರ್ಧ ತೆರೆದಿದೆ. ಚೆಂದವಿಲ್ಲ. ಆದರೆ ಅದು ಅವರೇ. "ಜ್ವಾಕೆ, ಇರಾದು ಇದೊಂದೇ" ಅಂತ ಕೊಟ್ಟೆ.

ತಿಥಿಯ ದಿನ ಬೆಳಗ್ಗೆ ಸೊಕ್ಕೆ ಸೇರಿದೆ. ಪಡಸಾಲೆಯಲ್ಲಿ ರಟ್ಟಿನ ಡಬ್ಬಿಗಳ ರಾಶಿ. ಬಂದವರಿಗೆ ಹಂಚಲು ಪಾತ್ರೆಯೋ ಏನೋ ಅಂದುಕೊಂಡೆ. ತೆಗೆದರೆ ಬಾಟಲಿ. ಮೇಲೆ 'ಜಂಪಣ್ಣ ತಾತನ ಗುಪ್ತ ತೈಲ, ಕೆಮಿಕಲ್ ಮುಕ್ತ'. ಕೆಳಗೆ ನಮ್ಮವರ ಫೋಟೊ ಎರಡು ಸಲ. ಒಂದರ ಕೆಳಗೆ 'ಮೊದಲು'. ಇನ್ನೊಂದರ ಕೆಳಗೆ 'ನಂತರ'. 'ನಂತರ'ದಲ್ಲಿ ತಲೆ ತುಂಬ ಕರ್ರಗಿನ ಕ್ರಾಪು. ಅದೇ ಅಂಗಿ, ಅದೇ ಅರ್ಧ ತೆರೆದ ಬಾಯಿ, ಅಂಗಿಯ ಮೇಲೆ ಅದೇ ಸಾರಿನ ಕಲೆ. ಕೂದಲು ಬರುವ ತನಕ ಪಾಪ ಬಾಯಿ ಮುಚ್ಚದೆ, ಅಂಗಿ ಒಗೆಯದೆ ಕಾದಿದ್ದರು ಅನ್ನಬೇಕು.

"ಇದೇನೋ?" ಅಂದೆ.

"ಮಾವನ ಹೆಸ್ರು ಉಳೀಲಿ ಅಂತ ಅತ್ತೆ" ಅಂದ ಆಂಜನೇಯ. "ಆಗ್ಲೇ ಜಗಳೂರು, ಹೊನ್ನಾಳಿ ಎಲ್ಲಾ ಕಡೆ ಹೋಗೈತೆ."

ಬಾಟಲಿ ಬೆಳಕಿಗೆ ಹಿಡಿದೆ. ಮೇಲೆ ಎಣ್ಣೆ, ಕೆಳಗೆ ನೀರು, ನಡುವೆ ಹಿಂಜಿದ ಹತ್ತಿಯ ಹಾಗೆ ಬಿಳಿಯದೇನೋ ತೇಲುತ್ತಿತ್ತು. ಮುಚ್ಚಳ ತಿರುಗಿಸಿದರೆ ಸೋಡಾ ಹಾಗೆ ಬುಸ್ ಅಂತು.

"ಕಾಯಿಸಿಲ್ವೇನೋ?"

"ಕಾಯಿಸಿದ್ರೆ ಸತ್ವ ಹೋಗ್ತೈತಂತೆ. ಲೋಳೆಸರ, ಈರುಳ್ಳಿ ರಸ ಹಸೀದೇ ಹಾಕೀನಿ."

"ರಸದಾಗೆ ನೀರಿರಲ್ವೇನೋ? ಕೆಡದಂಗೆ ಇರಾಕೆ ಏನಾದ್ರೂ ಹಾಕಿದ್ಯಾ?"

"ಅದು ಕೆಮಿಕಲ್ ಅತ್ತೆ. ಲೇಬಲ್ ಮೇಲೆ ಮುಕ್ತ ಅಂತ ಹಾಕೀನಿ."

"ಬೂಷ್ಟು ಬಂದೈತಲ್ಲೋ."

"ಅದು ನ್ಯಾಚುರಲ್ಲು."

ಉತ್ತರ ಇವನಿಗೆ ಸಿದ್ಧವಾಗಿತ್ತು. ಲೇಬಲ್‌ನ ಹಿಂದೆ ಅಚ್ಚಾಗಿಯೂ ಇತ್ತು: ಪದರ ಕಂಡರೆ ಅದೇ ಶುದ್ಧತೆಯ ಗುರುತು, ಅಲ್ಲಾಡಿಸಿ ಬಳಸಿ.

ಬಯ್ಯಬೇಕು ಅಂತಿದ್ದೆ. ಅಷ್ಟರಲ್ಲಿ ಹೊರಗೆ ಫ್ಲೆಕ್ಸ್ ಬಿಚ್ಚಿ ಕಟ್ಟಿದರು. ಸುರುಳಿ ಸುತ್ತಿಕೊಂಡು ತಂದದ್ದನ್ನು ಇವನೂ ಬಿಚ್ಚಿ ನೋಡಿರಲಿಲ್ಲ. ನೆಂಟರು ಬರುತ್ತಿದ್ದರು. ಬಂದವರು ಫ್ಲೆಕ್ಸ್ ನೋಡಿ ಬಾಗಿಲಲ್ಲೇ ನಿಂತರು. ಒಬ್ಬ ಮುದುಕ ಚಪ್ಪಲಿ ಬಿಟ್ಟವನು ಮತ್ತೆ ಹಾಕಿಕೊಂಡು, "ಜಂಪಣ್ಣನ ತಿಥಿ ಯಾವ ಮನ್ಯಾಗೆ?" ಅಂತ ಕೇಳಿದ.

ನಾನು ಹೊರಗೆ ಬಂದೆ. ಬಾಗಿಲಗಲ ಫ್ಲೆಕ್ಸ್. ಭಾವಪೂರ್ಣ ಶ್ರದ್ಧಾಂಜಲಿ. ಹೂವಿನ ಹಾರ, ಎರಡು ಕಡೆ ದೀಪ. ನಡುವೆ ಕ್ರಾಪು ಬಿಟ್ಟ ಯಾರೋ ಗಂಡಸು.

ಆಂಜನೇಯ ಬೆವರು ಒರೆಸಿಕೊಂಡ. ಲೇಬಲ್ಲು, ಫ್ಲೆಕ್ಸು ಎರಡನ್ನೂ ಒಂದೇ ಅಂಗಡಿಗೆ ಕೊಟ್ಟಿದ್ದ. "ಎರಡು ಫೋಟೊ ಇದ್ವಂತೆ. ಚೆನ್ನಾಗಿ ಕಾಣಾದನ್ನ ಹಾಕ್ಯಾರೆ" ಅಂದ.

ಗಾದ್ರಮ್ಮ ಸೊಂಟಕ್ಕೆ ಕೈಯಿಟ್ಟು ತಮ್ಮನನ್ನು ನೋಡಿದರು. ಆಮೇಲೆ ಮಗನನ್ನು. "ಎಣ್ಣೆ ಕೆಲ್ಸ ಮಾಡೈತೆ ಬಿಡಪ್ಪ. ಸ್ವಲ್ಪ ತಡ ಆತು. ಸತ್ತ ಮ್ಯಾಲೆ ಬಂದಾವೆ."

ತಿಥಿಗೆ ಬಂದವರು ನಗಬಾರದು. ಸೆರಗು ಬಾಯಿಗೆ ಒತ್ತಿಕೊಂಡರು, ಕೆಮ್ಮಿದರು. ಒಬ್ಬಾಕೆ ನಿಜವಾಗಿ, "ಎಷ್ಟ್ ತಿಂಗ್ಳು ಹಚ್ಚಿದ್ರಂತೆ?" ಅಂತ ಕೇಳಿದಳು. ಜನ ಸಾವನ್ನು ನಂಬುವುದಕ್ಕಿಂತ ಬೇಗ ಲೇಬಲ್ ನಂಬುತ್ತಾರೆ.

ನನಗೆ ನಗು ಬರಲಿಲ್ಲ. ಆ ತಲೆಯನ್ನು ನಾನು ಬಲ್ಲೆ. ತಲೆನೋವು ಬಂದಾಗ ಅಂಗೈಯಿಂದ ಒತ್ತಿದ್ದೇನೆ. ಬಲಗಡೆ ಒಂದು ಸಣ್ಣ ತಗ್ಗಿತ್ತು, ಕಣ್ಣಿಗೆ ಕಾಣದು, ಬೆರಳಿಗೆ ಗೊತ್ತು. ಅವರದು ಅಂತ ಒಂದು ಫೋಟೊ ಇತ್ತು. ಅದರ ಮೇಲೂ ಆಂಜನೇಯ ಕೂದಲು ಬೆಳೆಸಿದ.

ಎಡೆ ಸಿದ್ಧವಾಗಿತ್ತು. ಅವರಿಗೆ ಇಷ್ಟ ಅಂತ ಮಂಡಕ್ಕಿ, ಮೆಣಸಿನಕಾಯಿ, ಒಂದು ಕಟ್ಟು ಬೀಡಿ. ಎಡೆ ಇಡುವವಳು ನಾನು. ಫೋಟೊ ನನ್ನ ಕೈಗೆ ವಾಪಸು ಬಂದಿರಲಿಲ್ಲ, ಅದೂ ಜಗಳೂರಿನ ಆ ಅಂಗಡಿಯಲ್ಲೇ ಇತ್ತು. ಎಡೆ ಇಡಬೇಕಾದ್ದು ಫ್ಲೆಕ್ಸ್ ಮುಂದೆಯೇ.

"ಇಡಮ್ಮ ಕಸ್ತೂರಿ, ಹೊತ್ತಾತು" ಅಂದರು ಯಾರೋ.

"ಇಡಲ್ಲ" ಅಂದೆ. "ಇವ್ನು ಯಾರೋ ನಂಗೆ ಗೊತ್ತಿಲ್ಲ. ಪರಗಂಡಸಿಗೆ ನಾನು ಎಡೆ ಇಡಲ್ಲ."

ಎಡೆ ಇಡದೆ ಊಟವಿಲ್ಲ. ಒಳಗೆ ಅನ್ನ ಆರುತ್ತಿತ್ತು.

"ಅತ್ತೆ, ಇವತ್ತೊಂದಿನ ಅಡ್ಜಸ್ಟ್ ಮಾಡ್ಕಳ್ರಿ" ಅಂದ ಆಂಜನೇಯ.

ಗಾದ್ರಮ್ಮ ಮಗನ ಡಬ್ಬಿಯಿಂದ ಒಂದು ಬಾಟಲಿ ತೆಗೆದು, ಬಟ್ಟೆಗೆ ಸುರಿದು ನನ್ನ ಕೈಗೆ ಕೊಟ್ಟರು. "ಒರೆಸು. ಹೋಗ್ತಾವೇನೋ ನೋಡಾನ."

ಒರೆಸಿದೆ. ಕ್ರಾಪು ಇನ್ನಷ್ಟು ಮಿರಿಮಿರಿ ಮಿಂಚಿತು. ನಾತ ಬೇರೆ. ಆ ಎಣ್ಣೆಯಿಂದ ಕೂದಲು ಬರಲಿಲ್ಲ, ಹೋಗಲೂ ಇಲ್ಲ.

"ನಿನ್ ಗಾಡಿಯಿಂದ ಪೆಟ್ರೋಲ್ ತೆಗೆಯೋ" ಅಂದೆ ಆಂಜನೇಯನಿಗೆ.

"ಅತ್ತೆ..."

"ತೆಗೀತೀಯೋ, ಇಲ್ಲ ನಾನೇ ಪೈಪ್ ಕೀಳ್ಲೋ?"

ತೆಗೆದ. ಬಟ್ಟೆ ಅದ್ದಿ ಹಣೆಯ ಮೇಲಿಂದ ಶುರು ಮಾಡಿದೆ. ಕಪ್ಪು ಬಣ್ಣ ಬಟ್ಟೆಗೆ ಬಂತು. ತಿಕ್ಕಿದೆ. ಒಂದೊಂದೇ ಕಡೆ ಬಿಳಿ ಬಯಲಾಯಿತು. ಹುಬ್ಬು ಮುಟ್ಟದ ಹಾಗೆ, ಕಿವಿ ಉಳಿಯುವ ಹಾಗೆ ನಿಧಾನಕ್ಕೆ ತಿಕ್ಕಿದೆ. ಕೊನೆಗೆ ತಲೆ ಬೋಳಾಯಿತು. ಬಣ್ಣ ಹೋಗಿ ಬರೀ ಬಿಳಿ ಫ್ಲೆಕ್ಸ್, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

"ಹ್ಞಾ, ಈಗ ಬಂದ ನೋಡು ನನ್ ತಮ್ಮ" ಅಂದರು ಗಾದ್ರಮ್ಮ. ಆಗ ಮಾತ್ರ ಅವರು ಅತ್ತರು.

"ಎಣ್ಣೆ ಏನಾದ್ರೂ ಮಾರ್ಕೋ" ಅಂದೆ ಆಂಜನೇಯನಿಗೆ. "ಕಾಯಿಸಿ ಮಾರು, ಕೊಳೆಸಿ ಮಾರು. ಅವರ ಹೆಸ್ರು, ಅವರ ಮುಖ ಬ್ಯಾಡ."

ಅವನು ತಲೆಯಾಡಿಸಿದ. ಅಮ್ಮನ ಕಣ್ಣು ಅವನ ಮೇಲಿತ್ತು, ಆಡಿಸದೆ ವಿಧಿಯಿರಲಿಲ್ಲ. ಡಬ್ಬಿಗಳು ಹಿತ್ತಲ ತಿಪ್ಪೆಗೆ ಹೋದವು. ಹೊನ್ನಾಳಿಗೆ ಹೋದವು ಹೋದವು. ಅಲ್ಲಿ ಯಾರ ಮನೆಯ ಕನ್ನಡಿ ಮುಂದೆ ನಮ್ಮವರು ಕ್ರಾಪು ಬಿಟ್ಟುಕೊಂಡು ಕೂತಿದ್ದಾರೋ ಗೊತ್ತಿಲ್ಲ. ಸಿಕ್ಕರೆ ಒರೆಸಿಬಿಡಿ.

ಎಡೆ ಇಟ್ಟೆ. ಮಂಡಕ್ಕಿ, ಮೆಣಸಿನಕಾಯಿ, ಬೀಡಿ ಕಟ್ಟು. ಊದುಬತ್ತಿ ಹಚ್ಚಲಿಲ್ಲ. ದೀಪವನ್ನೂ ಅಂಗಳದ ಆಚೆ ಇಟ್ಟೆವು. ಪೆಟ್ರೋಲ್ ಇನ್ನೂ ಆರಿರಲಿಲ್ಲ.