ಪುಕ್ಕಟೆ ಮಣ್ಣು ಮತ್ತು ಖಾಸಿಂ ಸಾಬರ ಮೂರನೇ ಕಂತು

ರಾಯಚೂರಿನಲ್ಲಿ ಯಾವ ಕೆಲಸದವರೂ ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಬರುವುದಿಲ್ಲ. ಮಾಲಿ ಖಾಸಿಂ ಸಾಬರು ಮಾತ್ರ ಆ ಹೊತ್ತಿಗೇ ಬಂದು ಗೇಟು ಬಡಿದರು. ಊಟ ಮುಗಿಸಿ ಅಡ್ಡಾಗಿದ್ದ ನಾನು ಬನಿಯನ್ ಎಳೆದುಕೊಳ್ಳುತ್ತ ಹೊರಗೆ ಬಂದೆ.

"ಮುಂಜಾನಿ ತಂಪಿನ್ಯಾಗ ಬರಬೇಕಿತ್ತಲ್ರಿ," ಎಂದೆ.

"ಮುಂಜಾನಿ ಎಲ್ಲಾ ಅಂಗಳನೂ ಚಲೋನಾ ಕಾಣ್ತಾವ್ರಿ ಸಾಹೇಬ್ರ. ಗಿಡ ಮಧ್ಯಾಹ್ನನೂ ಇಲ್ಲೇ ನಿಂತಿರಬೇಕಲ್ಲ? ಅದಕ್ಕ ಅದರ ಜಾಗದಾಗ ಒಂದು ತಾಸು ನಾನಾ ನಿಂತು ನೋಡ್ತೀನಿ."

ತಲೆಯ ಮೇಲೊಂದು ಟವೆಲ್ ಹಾಕಿಕೊಂಡು ನಿಜವಾಗಿಯೂ ನಿಂತರು. ಅರವತ್ತನಾಲ್ಕರ ಸಣಕಲು ಮನುಷ್ಯ. ನಂತರ ಒಂದು ಬಕೆಟ್ ನೀರು ಕೇಳಿ ನೆಲಕ್ಕೆ ಸುರಿದು, ಅದು ಇಂಗುವ ತನಕ ಕುಕ್ಕರಗಾಲಲ್ಲಿ ಕುಳಿತು ಕಾದರು. ಕೊನೆಗೆ ಬೋರ್ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ, ಮುಕ್ಕಳಿಸಿ, ಪಕ್ಕಕ್ಕೆ ಉಗುಳಿದರು.

"ಸವಳು ಅದ, ಬರೇ ಉಪ್ಪು. ಈ ನೀರು ಗಿಡದ ಹತ್ರನೂ ಸುಳೀಬಾರದು. ನಲ್ಲಿ ನೀರು ಎಷ್ಟು ದಿನಕ್ಕ ಬರ್ತದ್ರಿ?"

ಒಂದೂವರೆ ತಾಸಾದರೂ ಮನುಷ್ಯ ರೇಟಿನ ಮಾತೆತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ.

ಇಷ್ಟಕ್ಕೂ ಮಾಲಿಯ ಅಗತ್ಯ ಬಿದ್ದದ್ದು ಒಂದು ಮಲ್ಲಿಗೆ ಗಿಡದಿಂದ. ನನ್ನ ಹೆಂಡತಿ ಶಿವಗಂಗಾ ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯವಳು. ಹನ್ನೊಂದು ವರ್ಷದ ಹಿಂದೆ ತವರಿನ ಹಿತ್ತಲಿನಿಂದ ಒಂದು ಮಲ್ಲಿಗೆಯ ಟೊಂಗೆಯನ್ನು ಎಣ್ಣೆ ಡಬ್ಬಿಯಲ್ಲಿ ಊರಿಕೊಂಡು ತಂದಳು. ದೇವದುರ್ಗದ ಬಾಡಿಗೆ ಮನೆ, ಮಾನ್ವಿಯ ಎರಡು ಬಾಡಿಗೆ ಮನೆ, ಎಲ್ಲ ಕಡೆಗೂ ಆ ಡಬ್ಬಿ ಲಾರಿಯ ಮುಂದಿನ ಸೀಟಿನಲ್ಲಿ, ಅವಳ ತೊಡೆಯ ಮೇಲೆ ಬಂತು. ನಾನು ಹಿಂದೆ ಹಾಸಿಗೆ ಗಂಟುಗಳ ಜೊತೆ. ಈ ನಡುವೆ ತವರಿನವರು ಹಿತ್ತಲಿಗೆ ಸಿಮೆಂಟ್ ಹಾಕಿಸಿ ತಾಯಿಗಿಡವನ್ನೇ ಕಿತ್ತರು. ಉಳಿದದ್ದು ಇದೊಂದೇ. ರಾಯಚೂರಿನಲ್ಲಿ ಸ್ವಂತ ಮನೆ ಕಟ್ಟುವ ಹೊತ್ತಿಗೆ ಡಬ್ಬಿಯ ತಳ ತುಕ್ಕು ಹಿಡಿದು ಬೇರು ಹೊರಬಂದಿತ್ತು.

"ಮನಿ ಹೆಂಗರ ಇರಲಿ, ಇದನ್ನ ನೆಲಕ್ಕ ಇಳಸ್ರಿ. ಇದು ಹೋತಂದ್ರ ನಮ್ಮವ್ವನ ಹಿತ್ತಲಾನ ಹೋದಂಗ," ಎಂದಳು ಶಿವಗಂಗಾ.

ಒಂದು ಗಿಡ ನೆಡಲು ಒಂದು ಗುದ್ದಲಿ ಸಾಕು. ಆದರೆ ಹೊಸ ಮನೆ ಕಟ್ಟಿದ ಐವತ್ತೆರಡರ ಗುಮಾಸ್ತನಿಗೆ ಗುದ್ದಲಿ ಸಾಲುವುದಿಲ್ಲ. ನನಗೆ ಹುಲ್ಲುಹಾಸು ಬೇಕೆನಿಸಿತು. ಸಂಜೆ ಅದರ ಮೇಲೆ ಕುರ್ಚಿ ಹಾಕಿ ಚಹಾ ಕುಡಿಯಬೇಕು, ದಾರಿಯಲ್ಲಿ ಹೋಗುವವರು ನೋಡಬೇಕು.

ಮೊದಲು ಕರೆಸಿದ್ದು ಆನಂದ ಎಂಬ ಲ್ಯಾಂಡ್‌ಸ್ಕೇಪ್ ಹುಡುಗನನ್ನು. ಬಂದು ನೋಡಿದ್ದಕ್ಕೇ ಸಾವಿರದ ಐನೂರು. ಟ್ಯಾಬಿನಲ್ಲಿ ನಮ್ಮ ಮನೆಯ ಚಿತ್ರ ತೋರಿಸಿದ. ಕಾರಂಜಿ, ತಾಳೆ ಗಿಡ, ಹುಲ್ಲಿನ ಮೇಲೊಬ್ಬ ಬಿಳಿ ಹೆಂಗಸು, ಅವಳ ಪಕ್ಕ ಒಂದು ಜೂಲು ನಾಯಿ.

"ಚದರಡಿಗೆ ನೂರಾ ಎಂಬತ್ತು ಸರ್. ನಿಮ್ಮದು ಆರುನೂರು ಚದರಡಿ. ಒಂದು ಲಕ್ಷ ಎಂಟು ಸಾವಿರ. ತಿಂಗಳಾ ಮೇಂಟೆನೆನ್ಸ್ ನಾಲ್ಕು ಸಾವಿರ ಬ್ಯಾರೆ."

"ಇದರಾಗ ನಾಯಿನೂ ಬರ್ತದೇನಪಾ?" ಎಂದೆ. ಅವನು ನಗಲಿಲ್ಲ.

"ನನ್ನ ಮಲ್ಲಿಗಿ ಎಲ್ಲದ?" ಎಂದಳು ಶಿವಗಂಗಾ, ಟ್ಯಾಬಿನೊಳಗೆ ಇಣುಕಿ.

"ಮೇಡಂ, ಅದು ಥೀಮಿಗೆ ಸೆಟ್ ಆಗೋದಿಲ್ಲ."

ಆನಂದನಿಗೆ ಚಹಾ ಕೂಡ ಸಿಗಲಿಲ್ಲ. ಸಾವಿರದ ಐನೂರು ಹೋಯಿತು.

ಹೀಗಾಗಿ ಖಾಸಿಂ ಸಾಬರು. ಮೂವತ್ತೊಂದು ವರ್ಷ ಒಂದು ಸರಕಾರಿ ಬಂಗಲೆಯ ತೋಟದಲ್ಲಿ ದಿನಗೂಲಿ ಮಾಲಿ. ಖಾಯಂ ಮಾಡುವ ಫೈಲು ಒಂದಿತ್ತಂತೆ. ಅದು ಯಾವ ಮೇಜಿನ ಮೇಲೆ ಬೇರು ಬಿಟ್ಟಿತೋ, ಕೊನೆಗೂ ಮೇಲೇಳಲಿಲ್ಲ. ಬಂಗಲೆಗೆ ಬಂದುಹೋದ ದೊಡ್ಡವರ ಕೊರಳಿಗೆ ಬಿದ್ದ ಗುಲಾಬಿಯೆಲ್ಲ ಇವರು ಬೆಳೆದದ್ದು. ಆದರೆ ಕಿಲ್ಲಾದೊಳಗಿನ ಇವರ ಮನೆಯಲ್ಲಿ ಒಂದು ಹಿಡಿ ನೆಲವಿಲ್ಲ.

"ನಮ್ಮಲ್ಲಿ ಬಾಗಲಾ ತೆಗದ್ರ ಓಣಿ ಸಾಹೇಬ್ರ. ಅಕ್ಬರಿ ಒಂದು ಬಣ್ಣದ ಡಬ್ಬಿಯೊಳಗ ಪುದೀನಾ ಹಚ್ಯಾಳ. ಅದಾ ನಮ್ಮ ಬಾಗ್," ಎಂದು ನಕ್ಕರು. ಅಕ್ಬರಿ ಬೇಗಂ ಅವರ ಹೆಂಡತಿ.

ಅವರು ದುಡ್ಡು ಪಡೆಯುವ ರೀತಿಯೇ ಬೇರೆ. ಮೂರು ಕಂತು. ಕೆಲಸ ಹಿಡಿದಾಗ ಒಂದು, ಮುಗಿದಾಗ ಒಂದು. ಮೂರನೆಯದು ಬೇಸಿಗೆ ದಾಟಿ ಜೂನಿನ ಮಿರಗದ ಮಳೆ ಬಿದ್ದ ಮೇಲೆ, ಗಿಡ ಬದುಕಿದ್ದರೆ ಮಾತ್ರ.

"ಸತ್ತರ?"

"ಸತ್ತರ ನಾ ಯಾಕ ತಗೊಳ್ಳಿ? ಇಲ್ಲೀತನಕ ನನ್ನ ಕೈಯಾಗಿಂದು ಸತ್ತಿಲ್ಲ ಬಿಡ್ರಿ."

ಕೊನೆಗೆ ರೇಟು ಬಂತು. ಮೂವತ್ತಾರು ಸಾವಿರ. ಅದರಲ್ಲಿ ಒಂಬತ್ತು ಸಾವಿರ ಮಣ್ಣಿಗೆ. ಎರಡು ಟ್ರ್ಯಾಕ್ಟರ್ ಕೆಂಪು ಮಣ್ಣು, ಜರಡಿ ಹಿಡಿದದ್ದು.

ಮಣ್ಣಿಗೆ ಒಂಬತ್ತು ಸಾವಿರ! ನನ್ನೊಳಗಿನ ಗುಮಾಸ್ತ ಎದ್ದು ಕೂತ. ಪೋತ್ನಾಳದಲ್ಲಿ ನಮ್ಮ ಅಕ್ಕನ ಗಂಡ ಜಂಬಣ್ಣನ ಭತ್ತದ ಗದ್ದೆಯಿದೆ. ಫೋನ್ ಮಾಡಿದೆ.

"ಮಣ್ಣಿಗೆ ರೊಕ್ಕ ಕೊಡ್ತೀಯೇನಲೇ ಹುಚ್ಚಪ್ಯಾಲಿ? ನಾಳಿಗೆ ಎರಡು ಟ್ರ್ಯಾಕ್ಟರ್ ಕಳಸ್ತೀನಿ. ಪುಕ್ಕಟೆ," ಎಂದ.

ಖಾಸಿಂ ಸಾಬರಿಗೆ ಗೆದ್ದ ದನಿಯಲ್ಲಿ ಹೇಳಿದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡರು.

"ಗದ್ದಿ ಮಣ್ಣೇನ್ರಿ?"

"ಬಂಗಾರದಂಥ ಮಣ್ಣು."

"ಬಂಗಾರಾನ ಹೌದ್ರಿ. ಆದ್ರ ಆ ಮಣ್ಣಿಗೆ ತನ್ನ ಕೆಲಸ ಗೊತ್ತದ, ಅದನ್ನಾ ಮಾಡ್ತದ." ಟವೆಲ್ ಹೆಗಲಿಗೆ ಹಾಕಿಕೊಂಡು, "ಮಲ್ಲಿಗಿಗೆ ಮಾತ್ರ ನನ್ನ ಮಣ್ಣು ಹಾಕ್ತೀನಿ. ಅದಕ್ಕ ರೊಕ್ಕ ಬ್ಯಾಡ," ಎಂದರು.

ಇಪ್ಪತ್ತೇಳು ಸಾವಿರಕ್ಕೆ ಮಾತಾಯಿತು. ಒಂಬತ್ತರ ಮೂರು ಕಂತು.

ಪುಕ್ಕಟೆ ಮಣ್ಣಿನ ಕತೆ ಹೀಗೆ. ಡ್ರೈವರ್ ಮೌನೇಶ ಡೀಸೆಲ್ಲಿಗೆ ಎರಡು ಸಾವಿರದ ನಾನೂರು, ತನ್ನ ಭತ್ತೆ ಆರುನೂರು ಕೇಳಿದ. ಟ್ರ್ಯಾಕ್ಟರ್ ತಿರುಗಿಸುವಾಗ ಗಟಾರದ ಸ್ಲ್ಯಾಬು ಮುರಿಯಿತು, ಮೂರೂವರೆ ಸಾವಿರ. ಹೊಸ ಗೇಟಿನ ಕಂಬ ಓರೆಯಾಯಿತು, ಎರಡು ಸಾವಿರ. ಎಂಟೂವರೆ ಸಾವಿರವಾಯಿತು, ನಾಲ್ಕು ಮಂದಿ ಉಂಡ ಊಟ ಹಿಡಿಯದೆ. ಆದರೂ ಐನೂರು ಉಳಿಯಿತಲ್ಲ ಎಂದು ಶಿವಗಂಗಾಗೆ ಹೇಳಿದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಬೆಲೆ ಕಟ್ಟಿಲ್ಲ.

ದಸರೆಯ ನಂತರ ಖಾಸಿಂ ಸಾಬರು ಮಲ್ಲಿಗೆಯನ್ನು ನೆಲಕ್ಕಿಳಿಸಿದರು. ಡಬ್ಬಿಯನ್ನು ಕತ್ತರಿಯಿಂದ ಸೀಳಿ, ಬೇರಿಗೊಂದು ಗಾಯವಾಗದಂತೆ ಎತ್ತಿದಾಗ ಶಿವಗಂಗಾ ಕೆಳಗೆ ಎರಡೂ ಕೈ ಒಡ್ಡಿ ನಿಂತಿದ್ದಳು. ಸೈಕಲ್ ಮೇಲೆ ತಂದ ತಮ್ಮ ಮಣ್ಣನ್ನು ಗುಣಿಗೆ ತುಂಬಿದರು. ಉಳಿದ ಅಂಗಳಕ್ಕೆ ಪೋತ್ನಾಳದ ಬಂಗಾರ ಹರಡಿ ಹುಲ್ಲು ಹಚ್ಚಿದರು.

ಮೂರು ವಾರಕ್ಕೆ ಅಂಗಳ ಹಸಿರೋ ಹಸಿರು. ಕುರ್ಚಿ ಹಾಕಿದೆ, ಚಹಾ ಕುಡಿದೆ. ಪಕ್ಕದ ಮನೆಯ ಹನುಮಂತ್ರಾಯರನ್ನು ಕರೆದು ತೋರಿಸಿದೆ. ಅವರು ಹಿರೇಕೊಟ್ನೆಕಲ್‌ನವರು, ಹೊಲಮನೆ ಮಾಡಿ ಗೊತ್ತಿದ್ದವರು. ಬಗ್ಗಿ ಒಂದು ಎಸಳು ಕಿತ್ತು, ಬೆರಳ ನಡುವೆ ಹೊಸಕಿ, ಗಂಭೀರವಾಗಿ ಹೇಳಿದರು:

"ಸರ, ಇದು ಸೋನಾ ಮಸೂರಿ."

ಮರುದಿನದಿಂದ ಕಾಲೋನಿಯಲ್ಲಿ ನನಗೆ ತಲೆಯೆತ್ತಿ ನಡೆಯಲಾಗಲಿಲ್ಲ. "ಗೊಬ್ಬರ ಹಾಕಿದ್ರೇನು?" "ಕೊಯ್ಲಿಗೆ ಮಷಿನ್ ಹೇಳಲೇನ್ರಿ?" ಹಾಲಿನವನೂ ಬಿಡಲಿಲ್ಲ. ಭತ್ತದ ನಡುವೆ ಜೇಕು ಬೇರೆ, ಕಿತ್ತಷ್ಟೂ ಗಡ್ಡೆಯಿಂದ ಏಳುವ ಕಳೆ. ಖಾಸಿಂ ಸಾಬರು ಆರು ದಿನ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಿತ್ತರು. ಕೂಲಿ ಕೇಳಲಿಲ್ಲ. ನಾನು ಹೇಳಿದ್ದೆನಲ್ಲ ಎಂದೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಉರಿಸಿತು.

ಏಪ್ರಿಲ್ ಬಂತು. ನಲ್ಲಿ ನೀರು ಐದು ದಿನಕ್ಕೊಮ್ಮೆ. ಮಾನ್ವಿಯಲ್ಲಿದ್ದ ಮಗಳು ಆತಿಯಾಗೆ ಹೆರಿಗೆಯೆಂದು ಖಾಸಿಂ ಸಾಬರು ಇಪ್ಪತ್ತು ದಿನ ಹೋದರು. ಹೋಗುವಾಗ ಹೇಳಿದ್ದು ಒಂದೇ ಮಾತು:

"ಹುಲ್ಲು ಒಣಗಿದ್ರ ಒಣಗಲಿ. ಬೋರ್ ನೀರು ಮಾತ್ರ ಬಿಡಬ್ಯಾಡ್ರಿ."

ಹುಲ್ಲು ಹಳದಿಗೆ ತಿರುಗಿತು. ನಾನು ಹಾಕಿದ ದುಡ್ಡೆಲ್ಲ ಕಣ್ಣೆದುರು ಹುರಿದುಹೋಗುತ್ತಿತ್ತು. ನಾಲ್ಕು ಮುಂಜಾನೆ, ಶಿವಗಂಗಾ ಅಡಿಗೆಮನೆಯಲ್ಲಿದ್ದಾಗ, ಬೋರಿಗೆ ಪೈಪು ಹಚ್ಚಿದೆ. ಹುಲ್ಲಿಗೆ ಮಾತ್ರ ಬಿಡುತ್ತಿದ್ದೇನೆ ಎಂದುಕೊಂಡೆ. ನಮ್ಮ ಅಂಗಳದ ಇಳುಕಲು ಮಲ್ಲಿಗೆಯ ಕಡೆಗೆ ಎಂದು ನೀರಿಗೆ ಗೊತ್ತಿತ್ತು, ನನಗಿರಲಿಲ್ಲ.

ವಾರದಲ್ಲಿ ಎಲೆಗಳ ಅಂಚು ಸುಟ್ಟಂತಾಯಿತು. ಬಂದಿದ್ದ ಮೊಗ್ಗೆಲ್ಲ ಉದುರಿದವು. ಶಿವಗಂಗಾ ಉದುರಿದ ಮೊಗ್ಗುಗಳನ್ನು ಒಂದು ತಟ್ಟೆಯಲ್ಲಿ ಆಯ್ದಿಟ್ಟು ನನ್ನ ಜೊತೆ ಮಾತು ಬಿಟ್ಟಳು. ನಾನು ಮಾನ್ವಿಯ ಬಸ್ಸು ಹತ್ತಿದೆ. ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದ ಮುದುಕ ನನ್ನ ಮುಖ ನೋಡಿಯೇ ಎದ್ದರು.

ಅಂದೇ ನನ್ನ ಜೊತೆ ರಾಯಚೂರಿಗೆ ಬಂದು ಗಿಡದ ಬುಡಕ್ಕೆ ಕೂತು, ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿಕೊಂಡರು. ನಂತರ ನನ್ನ ಕಡೆ ತಿರುಗಿದರು.

"ಬೋರ್ ನೀರು ಬಿದ್ದದೇನ್ರಿ ಸಾಹೇಬ್ರ?"

ಶಿವಗಂಗಾ ಬಾಗಿಲಲ್ಲಿ ನಿಂತಿದ್ದಳು.

"ಛೇ ಛೇ," ಎಂದೆ. "ನಲ್ಲಿ ನೀರಾ. ಬಿಸಿಲು ಜಾಸ್ತಿ ಆಗಿರಬೇಕು."

ಅವರು ನಾಲಿಗೆಯ ಮೇಲಿನ ಉಪ್ಪನ್ನು ಪಕ್ಕಕ್ಕೆ ಉಗುಳಿದರು. "ಹಂಗಾರ ನನ್ನ ಮಣ್ಣಾಗ ಏನೋ ಐಬು ಇರಬೇಕು ಅಮ್ಮಾರ," ಎಂದು ಶಿವಗಂಗಾಗೆ ಹೇಳಿ ಅಂಗಿಯ ತೋಳು ಮಡಚಿದರು.

ಗಿಡವನ್ನು ಗೇಣುದ್ದಕ್ಕೆ ಕತ್ತರಿಸಿದರು. ಬುಡದ ಸುತ್ತ ಅಗೆದು, ಉಪ್ಪು ತೊಳೆದು ಕೆಳಗಿಳಿಯುವಂತೆ ನಲ್ಲಿ ನೀರನ್ನು ಬಕೆಟ್ಟುಗಟ್ಟಲೆ ನಿಧಾನಕ್ಕೆ ಹಾಕಿದರು. ಮನೆಯ ಸಿಹಿ ನೀರೆಲ್ಲ ಅದಕ್ಕೇ. ನಾವು ಸವಳು ನೀರಿನಲ್ಲಿ ಮಿಂದೆವು. ಮೇ ಮುಗಿಯುವಷ್ಟರಲ್ಲಿ ನನ್ನ ಹುಲ್ಲುಹಾಸು ದನಕ್ಕೂ ಬೇಡದ ಕಸವಾಗಿತ್ತು. ಮಲ್ಲಿಗೆಯ ಮೋಟು ಕಡ್ಡಿ ಮಾತ್ರ ಒಳಗೆ ಹಸಿರೋ ಅಲ್ಲವೋ ಹೇಳದೆ ನಿಂತಿತ್ತು.

ಒಂದು ದಿನ ಹನುಮಂತ್ರಾಯರು ಗೋಡೆಯ ಆಚೆಯಿಂದ, "ನಮ್ಮ ಹಿತ್ತಲ ಕೆಲಸ ಖಾಸಿಂ ಸಾಬಗ ಹೇಳಿದ್ದೆ, ಈಗ ಬ್ಯಾಡಂದೆ ನೋಡ್ರಿ. ಅವನ ಮಣ್ಣಾಗ ಐಬು ಅದಂತಲ್ಲ?" ಎಂದರು. "ಅವನಾ ಹೇಳಿದ."

ಅಂದು ಚಪ್ಪಲಿ ಮೆಟ್ಟಿ ಗೇಟಿನ ತನಕ ಹೋದೆ. ನಿಜ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಒಂದು ಮಲ್ಲಿಗೆ ಕಡ್ಡಿಗೆ ಹೆದರಿ ಕೂತ ಗಂಡಸು ಈ ಕಾಲೋನಿಯಲ್ಲಿ ನಾನೊಬ್ಬನೇ ಇರಬೇಕು.

ಮಿರಗದ ಮೊದಲ ಮಳೆ ಬಿತ್ತು. ನಾಲ್ಕನೇ ದಿನ ಮೋಟಿನ ಪಕ್ಕದಲ್ಲಿ ಎರಡು ಕೆಂಪು ಚಿಗುರು. ಶಿವಗಂಗಾ ಕೂಗಿಕೊಂಡಳು. ಹತ್ತು ದಿನ ಕಳೆದು, ಮಧ್ಯಾಹ್ನ ಎರಡಕ್ಕೆ, ಖಾಸಿಂ ಸಾಬರು ಬಂದರು. ಹನುಮಂತ್ರಾಯರೂ ಗೋಡೆಯ ಮೇಲಿಂದ ಇಣುಕಿದರು. ಶಿವಗಂಗಾ ಒಂಬತ್ತು ಸಾವಿರದ ಲಕೋಟೆ ತಂದಳು.

"ಬ್ಯಾಡ್ರಿ ಅಮ್ಮಾರ. ಹುಲ್ಲು ಬ್ಯಾಸಿಗಿ ದಾಟಲಿಲ್ಲ. ಮಲ್ಲಿಗಿನೂ ಹೋಗಿ ಬಂತು. ನನ್ನ ಅಂದಾಜಾ ತಪ್ಪಿತು."

"ಮತ್ತ ನೀವೇನಂತೀರಿ?" ಎಂದು ಶಿವಗಂಗಾ ನನ್ನನ್ನು ಕೇಳಿದಳು.

ಸುಮ್ಮನಿದ್ದರೆ ಒಂಬತ್ತು ಸಾವಿರ ಉಳಿಯುತ್ತಿತ್ತು. ಮೊದಲ ದಿನದಿಂದ ನಾನು ಉಳಿಸಲು ಹೊರಟಿದ್ದ ಅದೇ ಒಂಬತ್ತು ಸಾವಿರ. ಮುದುಕ ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಚಿಗುರಿನ ಮೇಲೆ ಕೂತ ಒಂದು ಹುಳವನ್ನು ಉಗುರಿನಿಂದ ತೆಗೆಯುತ್ತಿದ್ದರು.

"ಬೋರ್ ನೀರು ನಾ ಬಿಟ್ಟಿದ್ದೆ," ಎಂದೆ. ದನಿ ಗೋಡೆಯ ಆಚೆಗೂ ಕೇಳುವಷ್ಟು ಜೋರಾಗಿಯೇ ಬಂತು. "ನಾಕು ದಿನ. ಅವರ ಮಣ್ಣಾಗ ಏನೂ ಐಬು ಇಲ್ಲ."

"ಗೊತ್ತದ," ಎಂದಳು ಶಿವಗಂಗಾ. "ನೀವು ಹಂಗಾ ಬಿಟ್ಟು ಹೋದ ಪೈಪು ದಿನಾ ಸುತ್ತಿಟ್ಟಾಕಿ ಯಾರಂತ ತಿಳಕೊಂಡೀರಿ? ಹುಲ್ಲಿಗಷ್ಟಾ ಬಿಡ್ತೀರಿ ಅಂದ್ಕೊಂಡಿದ್ದೆ. ಎರಡು ತಿಂಗಳಿಂದ ಕಾಯಾಕತ್ತೀನಿ, ಈ ಬಾಯಿ ಯಾವಾಗ ತೆರೀತದಂತ."

ಖಾಸಿಂ ಸಾಬರು ಲಕೋಟೆ ತೆಗೆದುಕೊಂಡು, ಎಣಿಸದೆ ಜೇಬಿಗಿಟ್ಟರು. ಗೋಡೆಯ ಕಡೆ ತಿರುಗಿ, "ಹನುಮಂತ್ರಾಯ್ರ, ಕೇಳಿಸ್ತೇನ್ರಿ?" ಎಂದರು.

"ಕೇಳಿಸ್ತು. ಶುಕ್ರವಾರ ಬಾರಪಾ," ಎಂದರು ಅವರು.

ನಂತರ ಖಾಸಿಂ ಸಾಬರು ಸತ್ತ ಅಂಗಳವನ್ನು ಒಮ್ಮೆ ಕಾಲಿನಿಂದ ಕೆದಕಿದರು. ಗೇಟಿನ ಹತ್ತಿರ ಮಳೆಗೆ ಮತ್ತೆ ನಾಲ್ಕು ಭತ್ತದ ಸಸಿ ಎದ್ದಿದ್ದವು.

"ಇದನ್ನೆಲ್ಲ ತಗಸಿ ಕೆಂಪು ಮಣ್ಣು ಹಾಕೋಣ್ರಿ ಸಾಹೇಬ್ರ. ಹುಲ್ಲು ಬ್ಯಾಡ. ಬ್ಯಾಸಿಗಿ ತಡ್ಕೊಳ್ಳೋ ಗಿಡ ಹಚ್ಚೋಣು. ಮಣ್ಣು ಈ ವರ್ಷ ಹತ್ತು ಸಾವಿರ ಆಗ್ಯದ."

ಶಿವಗಂಗಾ ನನ್ನನ್ನೇ ನೋಡುತ್ತಿದ್ದಳು. ಸುಮ್ಮನಿರಬೇಕಿತ್ತು.

"ಎಂಟಕ್ಕ ಆಗೋದಿಲ್ಲೇನ್ರಿ?" ಎಂದೆ.