ಬೇವಿನ ಸೊಪ್ಪು ಕಟ್ಟಿದ ಬಾಗಿಲು

ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದು ನಾನೋ ಅತ್ತಿಗೆಯೋ, ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಕೊಂಬೆ ಮುರಿಯುತ್ತಿರುವ ಕೈ ನನ್ನದೇ. ಆದರೆ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದ ಮೇಲೆ ಅಂಥದ್ದನ್ನೆಲ್ಲ ಗೇಲಿ ಮಾಡುತ್ತಿದ್ದವನೂ ನಾನೇ. ಅತ್ತಿಗೆ ತಾನೇ ಕಟ್ಟಿದ್ದು ಎನ್ನುತ್ತಾರೆ. ಇರಬಹುದು.

ತೊಂಬತ್ತರ ದಶಕದ ಕೊನೆ. ಅಣ್ಣನ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ವರ್ಷಗಳಾಗಿದ್ದವು. ಗುಂಡ್ಲುಪೇಟೆಯ ನಮ್ಮ ಮನೆಯಿಂದ ವಾರಕ್ಕೆರಡು ಸಲ ಮೈಸೂರಿಗೆ ಬಸ್ಸಿನಲ್ಲಿ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ಆ ಚಳಿಗಾಲ ಬೀದಿಯಲ್ಲೆಲ್ಲ ಹರಡಿದ್ದ ಫ್ಲೂ ಅವನಿಗೂ ಅಂಟಿತು. ನಮಗದು ಬರೀ ನೆಗಡಿ, ಕೆಮ್ಮು. ಆಸ್ಪತ್ರೆಯಲ್ಲಿ ಅವನ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ಬೇಗೂರಿನವರೊಬ್ಬರು ಅಂಥದೇ ಕೆಮ್ಮು ಎದೆಗಿಳಿದು ತೀರಿಕೊಂಡಿದ್ದರು. ಮುಂದಿನ ಡಯಾಲಿಸಿಸ್‌ವರೆಗೆ ಮೈಯಲ್ಲಿ ನೀರು ತುಂಬದಂತೆ ನೋಡಿಕೊಳ್ಳಿ, ಜನ ಹತ್ತಿರ ಸುಳಿಯದಿರಲಿ ಎಂದು ವೈದ್ಯರು ಹೇಳಿದ್ದರು.

ನಮ್ಮ ಕಡೆ ಅದು ಆಗುವ ಮಾತಲ್ಲ. ಹುಷಾರಿಲ್ಲವೆಂದರೆ ನೆಂಟರು ಎಳನೀರು, ಬಾಳೆಹಣ್ಣು ಹಿಡಿದು ಬಂದೇ ಬರುತ್ತಾರೆ. ಮಂಚದ ಅಂಚಿನಲ್ಲಿ ಕೂತು ತಮ್ಮೆದುರೇ ಕುಡಿಸಿದರೆ ಅವರಿಗೆ ಸಮಾಧಾನ. ಅಣ್ಣನಿಗೆ ಎಳನೀರೆಂದರೆ ವಿಷ. ಅದರಲ್ಲಿರುವ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಹುದಿತ್ತು. ನಾನು ಬಂದವರಿಗೆಲ್ಲ ವೈರಸ್ಸು, ಸೋಂಕು ಎಂದು ವಿವರಿಸಿದೆ. ಹ್ಞೂಂಗುಟ್ಟಿ ಒಳಗೆ ನಡೆದರು. ಓದಿದವನ ಕೊಬ್ಬು ಎಂದು ಒಬ್ಬರು ಮುಖ ಊದಿಸಿಕೊಂಡು ಹೋದರು.

ಮರುದಿನ ಬಾಗಿಲಲ್ಲಿ ಬೇವಿನ ಸೊಪ್ಪು. ಮನೆಯಲ್ಲಿ ಯಾರಿಗಾದರೂ ಅಮ್ಮ ಆದಾಗ, ಅಂದರೆ ಮೈಮೇಲೆ ಸಿಡುಬಿನಂಥ ಗುಳ್ಳೆ ಎದ್ದಾಗ, ಕಟ್ಟುವ ಸೊಪ್ಪು. ಅದನ್ನು ಕಂಡವರು ಹೊಸ್ತಿಲು ದಾಟುವುದಿಲ್ಲ, ಬೇಜಾರೂ ಮಾಡಿಕೊಳ್ಳುವುದಿಲ್ಲ.

ಹರದನಹಳ್ಳಿಯಿಂದ ಎಳನೀರಿನ ಗೊಂಚಲು ಹೊತ್ತು ಬಂದ ಸೋದರಮಾವ ಬೀದಿಯಲ್ಲೇ ನಿಂತರು. ಟವೆಲಿಗೆ ಸೀನಿ, ಕೇಳಿದರು: “ಯಾರ್ಗವ್ವ ಅಮ್ಮ ಆಗಿರದು?”

ಅತ್ತಿಗೆ ನಿಜವನ್ನೂ ಹೇಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. “ಸೊಪ್ಪ ನೋಡಿದ್ರಲ್ಲ ಮಾವ. ಇನ್ನೇನ್ ಕೇಳೀರಿ.”

ಒಳಗಿನಿಂದ ಅಣ್ಣ ಕೆಮ್ಮುತ್ತಲೇ ಕೂಗಿದ: “ಎಳ್ನೀರ ನೀನೇ ಕುಡ್ದುಬುಡು ಮಾವ, ನನ್ ಹೆಸ್ರೇಳ್ಕಂಡು.”

ಮಾವ ನಕ್ಕು, ಜಗಲಿಯನ್ನೂ ಹತ್ತದೆ ಚಾಮರಾಜನಗರದ ಬಸ್ಸು ಹಿಡಿದರು. ಸುದ್ದಿ ಅವರ ಜೊತೆಗೇ ಹೋಗಿರಬೇಕು, ಆಮೇಲೆ ಆ ಕಡೆಯಿಂದ ಒಬ್ಬರೂ ಬರಲಿಲ್ಲ. ಅತ್ತಿಗೆ ಪುಟ್ಟ ಲೋಟದಲ್ಲಿ ಅಳೆದು ನೀರು ಕೊಡುತ್ತಿದ್ದರು. ಅಣ್ಣ ಅದನ್ನು ಬೈಯುತ್ತ ಬೈಯುತ್ತ ಗುಟುಕರಿಸುತ್ತಿದ್ದ. ಡಯಾಲಿಸಿಸ್ ದಿನ ಬೆಳಿಗ್ಗೆ ಜ್ವರ ಬಿಟ್ಟಿತ್ತು. ಬಸ್ಸಿನ ಜನಜಂಗುಳಿ ಬೇಡವೆಂದು ಬಾಡಿಗೆ ಕಾರು ಗೊತ್ತು ಮಾಡಿದೆ. ಬರುವಾಗ ಅಣ್ಣ ಬೇಗೂರಿನಲ್ಲಿ ಕಾರು ನಿಲ್ಲಿಸಿ ಬಿಸಿ ಇಡ್ಲಿ ತಿಂದ, ಇನ್ನೊಂದು ಪ್ಲೇಟ್ ಕೇಳಿದ. ಚುನಾವಣೆ ಗೆದ್ದವರ ಹಾಗೆ ನಾವು ಊರು ಸೇರಿದೆವು.

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಸೇರಿಸಿದ್ದು ಗೊತ್ತಿಲ್ಲ. ಒಂದನ್ನು ಮಾತ್ರ ಎಷ್ಟೋ ಕಾಲದ ಮೇಲೆ ಆ ವೈದ್ಯರನ್ನೇ ಕೇಳಿ ಖಾತ್ರಿ ಮಾಡಿಕೊಂಡೆ: ಅವತ್ತು ಡಯಾಲಿಸಿಸ್‌ಗೆ ಹೋದಾಗ ಅಣ್ಣನ ಎದೆಯಲ್ಲಿ ನೀರಿರಲಿಲ್ಲ.