ದೊಡ್ಡಪ್ಪ ನಿಂತಲ್ಲೆಲ್ಲ ಬೆಂಚು

ನಮ್ಮ ದೊಡ್ಡಮ್ಮನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು "ಊರಿನವರನ್ನೆಲ್ಲ ಕೂರಿಸುವುದು" ಎನ್ನುತ್ತೇನೆ. ಅವಳು ನಗರಸಭೆಯ ಉದ್ಯಾನ ವಿಭಾಗದಲ್ಲಿ ಮೇಲ್ವಿಚಾರಕಿ. ಗಿಡಕ್ಕೆ ನೀರು ಬಿಟ್ಟರೇ, ದೀಪ ಉರಿಯುತ್ತಿದೆಯೇ ಎಂದು ನೋಡಿಕೊಳ್ಳುವುದೂ ಅವಳ ಪಾಲಿನದೇ. ಆದರೆ ಅವಳ ಜೀವ ಇರುವುದು ಬೆಂಚುಗಳಲ್ಲಿ. ಬಿಸಿಲಿಗೆ ಮುಖ ಮಾಡಿದ ಬೆಂಚು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. "ಕೂತ್ಕೊಳ್ಳೋರನ್ನ ಒಣಗಿಸೋಕೆ ಹಾಕಿದ್ದೀರೇನ್ರಪ್ಪಾ? ಅವರೇನು ಒದ್ದೆ ಬಟ್ಟೆನಾ?" ಎಂದು ಗುತ್ತಿಗೆದಾರರನ್ನು ಬೀದಿಯಲ್ಲೇ ತರಾಟೆಗೆ ತೆಗೆದುಕೊಂಡದ್ದನ್ನು ನಾನೇ ನೋಡಿದ್ದೇನೆ.

ನಗರದ ನಡುವೆ ಹಾದುಹೋಗುವ ಹಳೆಯ ಗೂಡ್ಸ್ ರೈಲಿನ ಹಾದಿಯನ್ನು ನಡಿಗೆಯ ದಾರಿ ಮಾಡಬೇಕೆಂದು ತೀರ್ಮಾನವಾದಾಗ ಬೆಂಚುಗಳ ಕೆಲಸ ಅವಳಿಗೇ ಬಂತು. ಹಳಿಗಳ ನಡುವೆ ಮುಳ್ಳು ಬೆಳೆದು, ಅಕ್ಕಪಕ್ಕದ ಮನೆಯವರು ಮುರಿದ ಕುರ್ಚಿ, ಹರಿದ ಹಾಸಿಗೆ ತಂದು ಎಸೆಯುತ್ತಿದ್ದ ಜಾಗ ಅದು. ಕಸ ತೆಗೆದು, ಹಳಿಯನ್ನು ನೆನಪಿಗೆಂದು ಉಳಿಸಿ, ಪಕ್ಕದಲ್ಲಿ ಮಣ್ಣಿನ ದಾರಿ ಹಾಕಿ, ಹಳೆಯ ಕಾಲದ ಕುರುಹುಗಳ ಮುಂದೆ ಫಲಕ ನೆಟ್ಟು, ಕೊನೆಯಲ್ಲಿರುವ ಗೂಡ್ಸ್ ಶೆಡ್ಡಿನವರೆಗೂ ಜನ ಸಂಜೆ ಅಡ್ಡಾಡುವಂತೆ ಮಾಡಬೇಕಿತ್ತು. ಬೆಂಚು ಎಲ್ಲಿ, ಫಲಕ ಎಲ್ಲಿ ಎಂದು ಗುರುತು ಹಾಕುವವಳು ದೊಡ್ಡಮ್ಮ. ಆ ಹಾದಿಯ ಕಥೆ ಹೇಳಲು ಅವಳು ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೆ ಅದೇ ಹಳಿಯ ಮೇಲೆ ಇಂಜಿನ್ ಓಡಿಸಿದ ದೊಡ್ಡಪ್ಪ ಮನೆಯಲ್ಲೇ ಇದ್ದರು.

ದೊಡ್ಡಪ್ಪ ನಿವೃತ್ತರಾದರೂ ರೈಲು ಬಿಡುವುದನ್ನು ನಿಲ್ಲಿಸಿರಲಿಲ್ಲ ಎಂದು ನಮ್ಮಮ್ಮ ಗೇಲಿ ಮಾಡುತ್ತಿದ್ದಳು. ಮಾತಿಗೆ ಕೂತರೆ ಏಳುವವರಲ್ಲ. ಹಠವಂತೂ ಕೇಳಲೇಬೇಡಿ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಆ ಜಟ್ಟಿ ನಮ್ಮ ದೊಡ್ಡಪ್ಪನ ಮನೆತನದವನೇ ಇರಬೇಕು. ಇಂಜಿನ್ನಿನ ಹೊಗೆ ಕುಡಿದು ಕುಡಿದು ಅವರ ಶ್ವಾಸಕೋಶ ಸೋತಿತ್ತು. "ನಡೆಯೋಕೆ ಆಗುವಷ್ಟು ದಿನ ನಡೀರಿ" ಎಂದು ಡಾಕ್ಟರು ಹೇಳಿದ್ದರು. ಆ ಮಾತಿನ ಉಳಿದರ್ಧ ಏನೆಂದು ದೊಡ್ಡಪ್ಪನಿಗೂ ದೊಡ್ಡಮ್ಮನಿಗೂ ನನಗೂ ಅರ್ಥವಾಗಿತ್ತು.

ದೊಡ್ಡಪ್ಪನಿಗೆ ಇದ್ದದ್ದು ಒಂದೇ ಆಸೆ. ಗೂಡ್ಸ್ ಶೆಡ್ಡಿನ ತನಕ ಆ ದಾರಿಯಲ್ಲೇ ನಡೆದು ಹೋಗಬೇಕು. ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಒಮ್ಮೆ ಹೇಳಿದ್ದಕ್ಕೆ, "ಕಾರಲ್ಲಿ ಹೋಗಿ ಇಳಿಯೋಕೆ ನಾನೇನು ಮಂತ್ರಿನೇನೇ? ರಿಬ್ಬನ್ ಕತ್ತರಿಸಬೇಕಾ?" ಎಂದು ಬೈಸಿಕೊಂಡೆ.

ಹೀಗಾಗಿ ದಾರಿಯ ಒಂದೊಂದು ಭಾಗ ಸಿದ್ಧವಾದಾಗಲೂ ಅವರಿಬ್ಬರು ಭಾನುವಾರ ಬೆಳಿಗ್ಗೆ ಹೊರಡುತ್ತಿದ್ದರು. ದೊಡ್ಡಮ್ಮನ ಕೈಯಲ್ಲಿ ಬೆಂಚಿನ ಜಾಗ ಗುರುತಿಸಲು ಸುಣ್ಣದ ಪುಡಿಯ ಚೀಲ, ದೊಡ್ಡಪ್ಪನ ಕೈಯಲ್ಲಿ ಅಳತೆ ಟೇಪು. ಟೇಪು ಹಿಡಿಯಲು ಒಬ್ಬರು ಬೇಕೇ ಬೇಕು, ಆಳುಗಳು ಭಾನುವಾರ ಸಿಗುವುದಿಲ್ಲ ಎಂದು ದೊಡ್ಡಮ್ಮ ಅವರನ್ನು ನಂಬಿಸಿದ್ದಳು. ಒಂದು ಭಾನುವಾರ ನಾನೂ ಜೊತೆಗೆ ಹೋದೆ. ಸ್ವಲ್ಪ ದೂರ ನಡೆದ ಮೇಲೆ ದೊಡ್ಡಪ್ಪ ಫಕ್ಕನೆ ನಿಂತು, "ನೋಡಿಲ್ಲಿ, ಇಲ್ಲಿ ಸಿಗ್ನಲ್ ಕಂಬ ಇತ್ತು" ಎಂದು ಶುರುಮಾಡಿದರು. ಕಥೆ ಮುಗಿಯುವ ಹೊತ್ತಿಗೆ ಅವರ ಎದೆಯ ಏದುಸಿರು ಇಳಿದಿತ್ತು. ಅವರು ಮುಂದೆ ಹೆಜ್ಜೆ ಇಟ್ಟರು. ಹಿಂದೆ ಉಳಿದ ದೊಡ್ಡಮ್ಮ ಅವರು ನಿಂತಿದ್ದ ಜಾಗದಲ್ಲೇ ಒಂದು ಹಿಡಿ ಸುಣ್ಣ ಸುರಿದಳು.

ನನಗೆ ನಗು ತಡೆಯಲಾಗಲಿಲ್ಲ. ಅವಳು ನನ್ನ ತೋಳು ಚಿವುಟಿದಳು.

"ಬಾಯಿ ಬಿಟ್ಟೀಯ, ಹುಷಾರ್!" ಎಂದಳು ಮೆಲ್ಲಗೆ. "ಅವರು ನಿಲ್ಲೋ ಕಡೆ ಒಂದು ಬೆಂಚು ಇದ್ರೆ, ಮುಂದಿನ ಸಲ ಕೂತು ಕಥೆ ಹೇಳ್ತಾರೆ. ಕೂತ್ರೆ ಇನ್ನೂ ನಾಲ್ಕು ಹೆಜ್ಜೆ ಹೆಚ್ಚು ನಡೀತಾರೆ. ಸುಸ್ತಿಗೆ ಅಂತ ಹಾಕಿಸ್ತಿದ್ದೀನಿ ಅಂತ ಗೊತ್ತಾಯ್ತೋ, ನಾಳೆಯಿಂದ ಹೊಸ್ತಿಲು ದಾಟಲ್ಲ ಈ ಮನುಷ್ಯ."

ಅವತ್ತು ಅವಳ ಮೇಲೆ ನನಗೆ ಉಕ್ಕಿದ ಪ್ರೀತಿಯನ್ನು ಹೇಳಲು ಬಾರದೆ, ಚೀಲ ನಾನು ಹಿಡಿಯುತ್ತೇನೆ ಕೊಡು ಎಂದೆ.

ತಿಂಗಳು ಕಳೆದಂತೆ ದಾರಿ ಬೆಳೆಯಿತು, ದೊಡ್ಡಪ್ಪನ ಉಸಿರು ಗಿಡ್ಡವಾಯಿತು. ಮೊದಲ ಭಾಗದಲ್ಲಿ ಬೆಂಚಿನಿಂದ ಬೆಂಚಿಗೆ ಒಂದು ಹಾಡು ಗುನುಗಿ ಮುಗಿಸಬಹುದಿತ್ತು. ಕೊನೆಯ ಭಾಗದಲ್ಲಿ ಪಲ್ಲವಿ ಮುಗಿಯುವ ಮೊದಲೇ ಇನ್ನೊಂದು ಬೆಂಚು. ಪ್ರತಿ ಬೆಂಚಿನ ಪಕ್ಕ ದೊಡ್ಡಪ್ಪನ ಒಂದು ಕಥೆ, ಕಥೆಗೊಂದು ಫಲಕ. ಇಲ್ಲಿ ಗೇಟು ಕಾಯುವವನ ಗುಡಿಸಲಿತ್ತು, ಇಲ್ಲಿ ಇಂಜಿನ್ನಿಗೆ ನೀರು ತುಂಬುತ್ತಿದ್ದರು. ನಿಜವಾದ ಕಥೆಗಳು ಖಾಲಿಯಾದ ಮೇಲೆ, ಇಲ್ಲಿ ಒಂದು ಹಸು ಇಡೀ ಗೂಡ್ಸ್ ಗಾಡಿಯನ್ನು ಮಧ್ಯಾಹ್ನದವರೆಗೆ ತಡೆದು ನಿಲ್ಲಿಸಿತ್ತು ಎಂದೂ ಬಂತು. ದೊಡ್ಡಮ್ಮ ಅದಕ್ಕೂ ಫಲಕ ಹಾಕಿಸಿದಳು.

ಶೆಡ್ಡಿನ ಮುಂದಿನ ಕೊನೆಯ ತುಂಡು ದಾರಿಗೆ ಮಣ್ಣು ಹಾಕಿ ಮುಗಿಸಿದ ವಾರ ಯೋಜನೆಯ ಅಧಿಕಾರಿ ತಪಾಸಣೆಗೆ ಬಂದರು. ಚಿಕ್ಕ ವಯಸ್ಸಿನ ಹೆಂಗಸು, ಮಾತು ನೇರ, ಮುಖದಲ್ಲಿ ನಗು. ಹಳೆಯ ಡ್ರೈವರ್ ಎಂದು ದೊಡ್ಡಪ್ಪನನ್ನೂ ಅವರೇ ಕರೆಸಿದ್ದರು. ಹಿಂದಿನ ಭಾಗಗಳನ್ನೆಲ್ಲ ಆಗಲೇ ನಡೆದು ಮುಗಿಸಿದ್ದರಿಂದ ದೊಡ್ಡಪ್ಪ ಸ್ಕೂಟರಿಗೆ ಒಪ್ಪಿದರು; ನಾನು ಅವರನ್ನು ಕೊನೆಯ ಭಾಗದ ಆರಂಭದವರೆಗೆ ತಂದು ಬಿಟ್ಟು ಜೊತೆಯಲ್ಲೇ ನಡೆದೆ. ಶೆಡ್ಡು ಕಣ್ಣಿಗೆ ಕಾಣುತ್ತಿತ್ತು. ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

ಹಸುವಿನ ಫಲಕದ ಹತ್ತಿರ ಅಧಿಕಾರಿ ನಿಂತರು. ಹಿಂದೆ ನೋಡಿದರು, ಮುಂದೆ ನೋಡಿದರು.

"ಇದೇನಮ್ಮ, ಇಲ್ಲಿ ಬೆಂಚುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕೂತಿವೆ? ಊರಿನ ಇತಿಹಾಸ ಎಲ್ಲ ಇಲ್ಲೇ ಗುಡ್ಡೆ ಬಿದ್ದಿದ್ಯಾ?"

"ಇಲ್ಲಿ ಸ್ವಲ್ಪ ಜಾಸ್ತಿ ನಡೆದಿತ್ತು, ಮೇಡಂ" ಎಂದಳು ದೊಡ್ಡಮ್ಮ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಕಿವಿಯೆಲ್ಲ ಕೆಂಪಾಯಿತು.

"ಕೆರೆ ಕಡೆ ದಾರೀಲಿ ಒಂದು ಬೆಂಚೂ ಇಲ್ಲ. ಇಲ್ಲಿಂದ ಅರ್ಧ ತೆಗೆದು ಅಲ್ಲಿಗೆ ಹಾಕಿಸಿ. ಸೋಮವಾರವೇ ಆಗಲಿ. ಇಷ್ಟು ವರ್ಷ ಕೆಲಸ ಮಾಡಿದೀರಿ, ಅಳತೆ ಹೀಗೆ ತಪ್ಪಬಾರದಲ್ವಾ?"

ಅಧಿಕಾರಿ ಹೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಬೆಂಚು ಹೋದರೆ ದೊಡ್ಡಪ್ಪ ಮತ್ತೆಂದೂ ಇಷ್ಟು ದೂರ ಬರಲಾರರು. ಬೆಂಚು ಹಾಕಿಸಿದ ಕಾರಣ ಹೇಳಿಬಿಟ್ಟರೆ ಬರಲು ಒಪ್ಪುವುದೇ ಇಲ್ಲ. ದೊಡ್ಡಮ್ಮ ನೆಲ ನೋಡುತ್ತ ನಿಂತಳು. ನನಗೆ ಅಳು ಬರುವಂತಾಯಿತು.

ದೊಡ್ಡಪ್ಪ ಹಿಂದೆ ತಿರುಗಿ ದಾರಿಯನ್ನು ನೋಡುತ್ತಿದ್ದರು. ಒಂದು ಬೆಂಚು, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಅವರ ಮುಖ ಮೆಲ್ಲಗೆ ಬದಲಾಯಿತು. ಆಮೇಲೆ ಹೆಂಡತಿಯತ್ತ ನೋಡಿದರು. ದೊಡ್ಡಮ್ಮ ತಲೆ ಎತ್ತಲಿಲ್ಲ.

"ಮೇಡಂ, ಅವಳ ಅಳತೆ ತಪ್ಪಿಲ್ಲ" ಎಂದರು ದೊಡ್ಡಪ್ಪ. "ಸಿಗ್ನಲ್ ಕಂಬ ನಿಜ, ಗುಡಿಸಲು ನಿಜ. ಹಸು ಸುಳ್ಳು. ಇಲ್ಲಿಗೆ ಬರೋ ಹೊತ್ತಿಗೆ ನಂಗೆ ಉಸಿರೇ ಸಿಕ್ತಿರಲಿಲ್ಲ. ಹೇಳೋಕೆ ನಾಚಿಕೆ ಆಗಿ ಹಸು ತಂದು ನಿಲ್ಲಿಸಿದೆ. ನಾನು ನಿಂತ ಕಡೆಯೆಲ್ಲ ಇವಳು ಬೆಂಚು ಹಾಕಿಸಿದ್ದಾಳೆ. ನಂಗೆ ಈಗ ಗೊತ್ತಾಯ್ತು."

ಮೀಸೆಯ ಮಣ್ಣನ್ನು ಅವರೇ ಕೈಯಾರೆ ತೋರಿಸಿದ್ದು ನಾನು ಕಂಡಂತೆ ಅದೇ ಮೊದಲು. ಅದೂ ಹೆಂಡತಿಗೆ ಕೆಲಸ ಬರುವುದಿಲ್ಲ ಎಂದು ಇನ್ನೊಬ್ಬರು ಅಂದುಕೊಳ್ಳಬಾರದೆಂದು.

ಅಧಿಕಾರಿ ಹಸುವಿನ ಫಲಕವನ್ನು ಇನ್ನೊಮ್ಮೆ ಓದಿದರು. ಆಮೇಲೆ, "ಕೆರೆ ಕಡೆಗೆ ಹೊಸ ಬೆಂಚು ಕೇಳ್ತೀನಿ, ಇವು ಇಲ್ಲೇ ಇರಲಿ. ಉಸಿರು ಗಿಡ್ಡ ಆದೋರು ಊರಲ್ಲಿ ನೀವೊಬ್ಬರೇ ಇರಲ್ಲ" ಎಂದರು. "ಹಸುವಿನ ಫಲಕ ಮಾತ್ರ ತೆಗೆಸಿಬಿಡಿ, ಪುಣ್ಯ ಬರುತ್ತೆ." ದೊಡ್ಡಪ್ಪ ನಕ್ಕರು. ಅಧಿಕಾರಿ ಬಂದ ದಾರಿಯಲ್ಲೇ ಹಿಂದಿರುಗಿದರು.

ಇನ್ನು ಉಳಿದದ್ದು ಶೆಡ್ಡಿನವರೆಗಿನ ತುಂಡು ದಾರಿ. ಅಲ್ಲಿ ಇನ್ನೂ ಒಂದೂ ಬೆಂಚಿರಲಿಲ್ಲ; ಗುರುತು ಹಾಕಲೆಂದು ದೊಡ್ಡಮ್ಮ ಅಂದೂ ಸುಣ್ಣದ ಚೀಲ ತಂದಿದ್ದಳು. "ಇವತ್ತು ಸಾಕು ರೀ, ಇನ್ನೊಂದು ದಿನ ಬರೋಣ" ಎಂದಳು ದೊಡ್ಡಮ್ಮ. ದೊಡ್ಡಪ್ಪ ಕೇಳದವರಂತೆ ಹೊರಟೇಬಿಟ್ಟರು. ನಾವು ಹಿಂದೆ ಓಡಿದೆವು.

ಅರ್ಧ ದಾರಿಯಲ್ಲಿ ಅವರು ನಿಂತರು. ಎದೆ ಮೇಲೆ ಕೆಳಗೆ ಆಡುತ್ತಿತ್ತು. ದೊಡ್ಡಮ್ಮ ಅಭ್ಯಾಸಬಲದಿಂದ ಸುಣ್ಣದ ಚೀಲಕ್ಕೆ ಕೈ ಹಾಕಿದಳು.

"ಬೇಡ ಕಣೇ" ಎಂದರು ದೊಡ್ಡಪ್ಪ. "ಇಲ್ಲೇನೂ ನಡೆದಿಲ್ಲ. ಸುಸ್ತಾಗಿದೆ, ಅಷ್ಟೇ. ಭುಜ ಕೊಡು."

ದೊಡ್ಡಮ್ಮ ಚೀಲ ನನ್ನ ಕೈಗೆ ತುರುಕಿ ಅವರ ಪಕ್ಕಕ್ಕೆ ಹೋದಳು. ಅವಳು ಅಳುತ್ತಿದ್ದಳು, ಒರೆಸಿಕೊಳ್ಳಲೂ ಇಲ್ಲ. ದೊಡ್ಡಪ್ಪ ನಡುದಾರಿಯಲ್ಲೇ ಹೆಂಡತಿಯ ಹೆಗಲ ಮೇಲೆ ತೋಳಿಟ್ಟು, ತಮ್ಮ ಭಾರವನ್ನೆಲ್ಲ ಅವಳ ಮೇಲೆ ಬಿಟ್ಟರು. ಇಬ್ಬರೂ ಹಾಗೇ ಗೂಡ್ಸ್ ಶೆಡ್ಡಿನ ಕಡೆ ನಡೆದರು.